ಒರಟು ಕಂಬಳಿಯ ಸೊಬಗು

ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಸಂತೆಗೆ ಹೋದಾಗ ಕರಿಯ ಕಂಬಳಿಯೊಂದನ್ನು ಮುಟ್ಟಿದೊಡನೆ ನಮ್ಮ ಬಾಯಿಂದ ಬರುವ ಮೊದಲ ಮಾತು “ಚುಚ್ಚುತ್ತದೆ” ಎಂಬುದೇ ಅಲ್ಲವೇ? ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕಲೆಯೆಂದು ಒಪ್ಪುವ ನಾವು, ಅದೇ ಜಿಲ್ಲೆಯ ಚಳ್ಳಕೆರೆ ಸೀಮೆಯ ಕಂಬಳಿಯನ್ನು ಬಡವರ ಹೊದಿಕೆಯೆಂದು ಬದಿಗಿಡುತ್ತೇವೆ. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ.

ಕಂಬಳಿಯನ್ನು ಅದು ಮಾಡುವ ಕೆಲಸದಿಂದಲೇ ಅಳೆಯಬೇಕು. ದಖ್ಖನಿ ಕುರಿಯ ಉಣ್ಣೆ ಒರಟು. ಹುಟ್ಟಿನಿಂದಲೇ ಕಪ್ಪಾದ ಅದಕ್ಕೆ ಬಣ್ಣದ ಹಂಗಿಲ್ಲ. ಹೆಂಗಸರು ನೂತ ನೂಲನ್ನು ಹಾಸಾಗಿ ಹರಡಿ, ಬೇಯಿಸಿ ಅರೆದ ಹುಣಸೆಬೀಜದ ಗಂಜಿಯನ್ನು ಬಳಿದು ಒಣಗಿಸಿದ ಮೇಲೆ ಗಂಡಸರು ಗುಂಡಿಮಗ್ಗದಲ್ಲಿ ಕುಳಿತು ನೇಯುತ್ತಾರೆ. ಎಳೆಗೆ ಬಿಗಿ ತರುವುದು ಆ ಗಂಜಿ. ಹಾಗೆ ನೇಯ್ದುದನ್ನು ಕೊಪ್ಪೆ ಮಾಡಿ ಹೊದ್ದರೆ ಸಾಧಾರಣ ಮಳೆ ಹೊರಮೈಯಿಂದಲೇ ಜಾರಿಹೋಗುತ್ತದೆ. ಹೊಲದಲ್ಲಿ ಮಂದೆ ನಿಲ್ಲಿಸಿದ ಕುರಿಗಾಹಿಗೆ ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ. ಕುರುಬರು ಶುಭಕಾರ್ಯಗಳಲ್ಲಿ ಗದ್ದಿಗೆಗೆ ಹಾಸುವುದೂ ಅದನ್ನೇ. ಮೆತ್ತಗಿದ್ದರೆ ಅದು ಹೊಲದಲ್ಲಿ ಇಷ್ಟು ಕಾಲ ಬಾಳುತ್ತಿತ್ತೇ?

ಈಗ ಕಂಬಳಿಯ ಬಟ್ಟೆಯಿಂದ ಕೈಚೀಲ, ದಿಂಬಿನ ಹೊದಿಕೆ ಹೊಲಿಯುವವರಿದ್ದಾರೆ. ನೇಕಾರನಿಗೆ ಕೂಲಿ ಸಿಗುವುದಾದರೆ ನನ್ನದೇನೂ ತಕರಾರಿಲ್ಲ. ಆದರೆ ಪೇಟೆಯ ಕೈಗೆ ಹಿತವಾಗಲೆಂದು ಗಂಜಿ ತೊಳೆದು, ಬಣ್ಣ ಹಾಕಿ, ಮೆದುಗೊಳಿಸಿದಾಗ ಉಳಿಯುವುದು ಹೆಸರು ಮಾತ್ರ.

ದೂರದ ಗ್ವಾಟೆಮಾಲಾದಲ್ಲಿ ಮಾಯಾ ಮಹಿಳೆಯರು ಸೊಂಟಕ್ಕೆ ಬಿಗಿದ ಮಗ್ಗದಲ್ಲಿ ವೀಪಿಲ್ ಎಂಬ ಮೇಲಂಗಿಯನ್ನು ನೇಯುತ್ತಾರೆ. ಚಿತ್ತಾರ ನೋಡಿಯೇ ಬಲ್ಲವರು ಊರನ್ನು ಗುರುತಿಸುತ್ತಾರೆ. ಆ ಚಿತ್ತಾರಗಳಿಗೆ ರಕ್ಷಣೆ ಬೇಕೆಂದು ಅಲ್ಲಿನ ನೇಕಾರ್ತಿಯರು 2016ರಲ್ಲಿ ಸಾಂವಿಧಾನಿಕ ನ್ಯಾಯಾಲಯದ ಮೊರೆ ಹೋದರು. ಅಲ್ಲಿ ಅಪಾಯಕ್ಕೊಳಗಾದದ್ದು ಚಿತ್ತಾರ, ನಮ್ಮಲ್ಲಿ ಉಣ್ಣೆಯೇ. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳ ಪಾಲಾಯಿತು. ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲಿಗೆ ಗೋಡೆಗಳೆದ್ದವು. ಇತ್ತ ಮಾಂಸದ ಬೆಲೆಗೆ ಮಾರುಹೋದ ಸಾಕಣೆದಾರರು ಉಣ್ಣೆಯಿಲ್ಲದ ತಳಿಗಳತ್ತ ವಾಲುತ್ತಿದ್ದಾರೆ. ಅವರನ್ನು ದೂರುವಂತಿಲ್ಲ, ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿಯೂ ಹುಟ್ಟದು.

ಹೊಸದುರ್ಗದಲ್ಲಾಗಲಿ ದುರ್ಗದಲ್ಲಾಗಲಿ ಮುಂದೆ ಕಂಬಳಿ ಕೊಳ್ಳುವಾಗ ಬೆಲೆಗಿಂತ ಮೊದಲು ನೂಲು ಎಲ್ಲಿಯದೆಂದು ವಿಚಾರಿಸಿರಿ. ಗಿರಣಿಯ ನೂಲಿನದೂ ಕಂಬಳಿಯೆಂದೇ ಮಾರಾಟವಾಗುತ್ತದೆ. ಅದು ಚುಚ್ಚುವುದಿಲ್ಲ.