ಹಾಲು ನೆಕ್ಕಿದರೆ ಸಾಕೇ?

ಬೆಕ್ಕಿನ ಮರಿಯನ್ನು ಇನ್ನೊಂದು ಮನೆಗೆ ಕೊಡಲು ನಮ್ಮಲ್ಲಿ ಇರುವ ಪರೀಕ್ಷೆ ಒಂದೇ: ತಟ್ಟೆಗೆ ಹಾಕಿದ ಹಾಲನ್ನು ಅದು ತಾನಾಗಿ ನೆಕ್ಕಬೇಕು. ನೆಕ್ಕಿತೆಂದರೆ ಮರಿ ಬಲಿತ ಹಾಗೆ. ಕೇಳಿದವರಿಗೆ ಬುಟ್ಟಿಯಲ್ಲೋ ರಟ್ಟಿನ ಡಬ್ಬಿಯಲ್ಲೋ ಇಟ್ಟು ಕೊಡುತ್ತಾರೆ. ಯಾರೂ ಕೇಳದಿದ್ದರೆ ಗೋಣಿಚೀಲಕ್ಕೆ ತುಂಬಿ ಮೀನು ಮಾರುಕಟ್ಟೆಯ ಹಿಂದೆ ಬಿಟ್ಟು ಬರುವವರೂ ಉಂಟು. ಈ ಎರಡನೆಯದನ್ನು ಕ್ರೌರ್ಯ ಎನ್ನಲು ವಿಮರ್ಶೆ ಬೇಕಾಗಿಲ್ಲ. ನನ್ನ ತಕರಾರು ಇರುವುದು ಮೊದಲನೆಯದರ ಬಗ್ಗೆ. ಪ್ರೀತಿಯಿಂದಲೇ, ಒಳ್ಳೆಯ ಮನೆ ನೋಡಿಯೇ, ಐದನೇ ವಾರಕ್ಕೆ ಮರಿಯನ್ನು ತಾಯಿಯಿಂದ ಬಿಡಿಸುವ ರೂಢಿಯ ಬಗ್ಗೆ.

ನಾಲ್ಕನೇ ವಾರದ ಹೊತ್ತಿಗೆ ಮರಿ ನೆಕ್ಕಲು ಕಲಿಯುವುದು ನಿಜ. ಆದರೆ ಆಗ ಅದರ ಮೈಯಲ್ಲಿ ಬಾಕಿ ಉಳಿದಿರುವುದು ಬಹಳ. ಹುಟ್ಟುವಾಗ ಸುಮಾರು 100 ಗ್ರಾಂ ತೂಗುವ, ಕಣ್ಣು ಕಿವಿ ಮುಚ್ಚಿರುವ ಜೀವ ಅದು. ಮೊದಲ ಮೂರು ವಾರ ಮೈಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದು, ತಾಯಿ ನೆಕ್ಕದಿದ್ದರೆ ಉಚ್ಚೆಯನ್ನೂ ಹೊಯ್ಯಲಾರದು. ರೋಗ ತಡೆಯುವ ಶಕ್ತಿಯ ಬಹುಪಾಲು ಅದಕ್ಕೆ ಸಿಗುವುದು ಗಿಣ್ಣುಹಾಲಿನಿಂದ, ಅದೂ ಹುಟ್ಟಿದ ಮೊದಲ ದಿನದೊಳಗೆ. ಆಮೇಲೆ ಕರುಳು ಆ ಪ್ರತಿಕಾಯಗಳನ್ನು ರಕ್ತಕ್ಕೆ ಬಿಟ್ಟುಕೊಳ್ಳುವುದಿಲ್ಲ. ತಾಯಿ ಕೊಟ್ಟ ಈ ರಕ್ಷಣೆ ಸಾಮಾನ್ಯವಾಗಿ 8ರಿಂದ 12 ವಾರಗಳ ನಡುವೆ ಕರಗುತ್ತದೆ, ಕೆಲವು ಮರಿಗಳಲ್ಲಿ 16 ವಾರದವರೆಗೂ ಉಳಿಯುತ್ತದೆ. ನಡುವೆ ಒಂದು ಕೆಟ್ಟ ಕಾಲವಿದೆ: ಉಳಿದಿರುವ ಪ್ರತಿಕಾಯ ರೋಗವನ್ನು ತಡೆಯುವಷ್ಟು ಇರುವುದಿಲ್ಲ, ಲಸಿಕೆಯನ್ನು ಕೆಡಿಸುವಷ್ಟು ಮಾತ್ರ ಇರುತ್ತದೆ. ಲಸಿಕೆಯನ್ನು 6–8 ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದ ತನಕ ಹಾಕಬೇಕೆನ್ನುವುದು ಇದಕ್ಕಾಗಿ. ‘ಒಂದು ಇಂಜೆಕ್ಷನ್ ಹಾಕಿಸಿದ್ದೇವೆ’ ಎಂಬ ನಿಶ್ಚಿಂತೆಗೆ ಹೆಚ್ಚಿನ ಬೆಲೆಯಿಲ್ಲ.

ಈ ವಾರಗಳಲ್ಲಿ ತಗಲಿದ್ದು ಹಾಗೆಯೇ ಬಿಟ್ಟುಹೋಗುವುದಿಲ್ಲ. ಬೆಕ್ಕುಗಳ ಪಾರ್ವೋ ಎಂದು ಆಸ್ಪತ್ರೆಗಳಲ್ಲಿ ಕರೆಯುವ ಪ್ಯಾನ್‌ಲ್ಯುಕೋಪೀನಿಯಾ ವೈರಸ್ ಗರ್ಭದಲ್ಲೋ ಹುಟ್ಟಿದ ಹೊಸತರಲ್ಲೋ ಹೊಕ್ಕರೆ ಕಿರುಮೆದುಳು ಪೂರ್ತಿ ಬೆಳೆಯುವುದೇ ಇಲ್ಲ. ಬದುಕಿದ ಮರಿ ಸಾಯುವ ತನಕ ತೂರಾಡಿಕೊಂಡೇ ನಡೆಯುತ್ತದೆ. ಹರ್ಪಿಸ್ ವೈರಸ್ಸಿನದು ಇನ್ನೊಂದು ಬಗೆ. ಕಣ್ಣು ಮೂಗು ಸೋರಿಸಿದ ನೆಗಡಿ ವಾಸಿಯಾದ ಮೇಲೂ ಅದು ನರಗಳೊಳಗೆ ಅಡಗಿ ಕೂರುತ್ತದೆ, ಮನೆ ಬದಲಾದಾಗ, ಹೊಸ ನಾಯಿ ಬಂದಾಗ ಮತ್ತೆ ತಲೆಯೆತ್ತುತ್ತದೆ. ಇದರ ಮೇಲೆ ತಾಯಿಯ ಹಾಲಿನಲ್ಲೇ ಜಂತುಹುಳದ ಮರಿಗಳೂ ಬರುತ್ತವೆ. ಹುಳದ ಔಷಧಿ ಎರಡು ಮೂರನೇ ವಾರದಿಂದಲೇ ಬೇಕು. ನಮ್ಮಲ್ಲಿ ಅದು ನೆನಪಾಗುವುದು ಹೊಟ್ಟೆ ತಮಟೆಯಾದ ಮೇಲೆ.

ಇನ್ನು ತಟ್ಟೆಯಲ್ಲಿರುವ ಹಾಲು. ಅದು ಹಸುವಿನದು, ಸಾಲದ್ದಕ್ಕೆ ನೀರು ಬೆರೆಸಿದ್ದು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿನ ಎರಡು ಪಟ್ಟು ಇರುತ್ತದೆ. ಟಾರಿನ್ ಎಂಬ ಅಮೈನೋ ಆಮ್ಲವೂ ಧಾರಾಳ. ಹಸುವಿನ ಹಾಲಿನಲ್ಲಿ ಅದು ಲೆಕ್ಕಕ್ಕಿಲ್ಲದಷ್ಟು. ಬೆಕ್ಕಿನ ದೇಹ ಟಾರಿನ್ನನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸ ಮೀನಿನಿಂದಲೇ ಬರಬೇಕು. ಅದಿಲ್ಲದಿದ್ದರೆ ಕಣ್ಣಿನ ಅಕ್ಷಿಪಟಲ ಸವೆದು ಕುರುಡಾಗುತ್ತದೆಂದು 1975ರಲ್ಲೇ ಗೊತ್ತಾಯಿತು. ಹೃದಯ ಹಿಗ್ಗಿ ಸೋಲುವುದಕ್ಕೂ ಅದರ ಕೊರತೆಯೇ ಕಾರಣವೆಂದು 1987ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ಪಿಯನ್ ಮತ್ತು ಸಂಗಡಿಗರು ತೋರಿಸಿದರು. ಹಾಗಾಗಿ ‘ನಮ್ಮ ಬೆಕ್ಕು ಶುದ್ಧ ಸಸ್ಯಾಹಾರಿ, ಹಾಲನ್ನ ಬಿಟ್ಟು ಬೇರೇನೂ ಮುಟ್ಟುವುದಿಲ್ಲ’ ಎಂಬ ಹೆಮ್ಮೆಯ ಮಾತು ಕೇಳಿದಾಗ ನನಗೆ ಗಾಬರಿಯಾಗುತ್ತದೆ. ಹಿತ್ತಲಲ್ಲಿ ಇಲಿ, ಹಲ್ಲಿ ಸಿಗುತ್ತಿದ್ದ ಕಾಲದಲ್ಲಿ ಬೆಕ್ಕು ಮನೆಯವರಿಗೆ ತಿಳಿಯದಂತೆ ತನ್ನ ಕೊರತೆ ನೀಗಿಕೊಳ್ಳುತ್ತಿತ್ತು. ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಬೆಳೆಯುವ ಮರಿಗೆ ಆ ಕಳ್ಳದಾರಿಯೂ ಇಲ್ಲ. ತಬ್ಬಲಿ ಮರಿ ಸಿಕ್ಕಿದ ಕೂಡಲೇ ಮಗುವಿನಂತೆ ಅಂಗಾತ ಮಲಗಿಸಿ ಫಿಲ್ಲರಿನಿಂದ ಹಾಲು ಹನಿಸುವುದಂತೂ ನೇರ ಶ್ವಾಸಕೋಶಕ್ಕೆ ಹಾಲು ಇಳಿಸುವ ಉಪಾಯ. ಮೊದಲು ಮೈ ಬಿಸಿಯಾಗಬೇಕು. ಆಮೇಲೆ ಹೊಟ್ಟೆ ಕೆಳಗಾಗಿ ಹಿಡಿದು, ಮರಿಗಳಿಗೆಂದೇ ಸಿಗುವ ಹಾಲಿನ ಪುಡಿಯನ್ನು ಕಲಸಿ ಕುಡಿಸಬೇಕು.

ಮೈಯ ವಿಷಯ ಹೀಗೆ. ಸ್ವಭಾವದ ವಿಷಯದಲ್ಲಿ ನಮ್ಮ ಜನಪದಕ್ಕೆ ಅರಿವಿಲ್ಲದೆ ಇಲ್ಲ. ತೆನ್ನಾಲಿ ರಾಮಕೃಷ್ಣನ ಕತೆಯಲ್ಲಿ ಬೆಕ್ಕಿನ ಮರಿ, ಅವನು ಬೇಕೆಂದೇ ಇಟ್ಟ ಸುಡುವ ಹಾಲಿಗೆ ಒಮ್ಮೆ ಬಾಯಿಟ್ಟು, ಮತ್ತೆಂದೂ ಹಾಲಿನ ಬಟ್ಟಲ ಬಳಿ ಸುಳಿಯಲಿಲ್ಲ. ಎಲ್ಲರೂ ನಗುವುದು ರಾಮಕೃಷ್ಣನ ಜಾಣತನಕ್ಕೆ. ಎಳವೆಯಲ್ಲಿ ಮೂಡಿ ಕೊನೆತನಕ ಉಳಿದ ಮರಿಯ ಭಯ ಯಾರ ಕಣ್ಣಿಗೂ ಬೀಳುವುದಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ 5,726 ಬೆಕ್ಕುಗಳ ಮಾಹಿತಿ ಸೇರಿಸಿ ನೋಡಿದರು. ಎಂಟು ವಾರಕ್ಕೆ ಮೊದಲೇ ತಾಯಿಯಿಂದ ಬೇರೆಯಾದವು ದೊಡ್ಡದಾದ ಮೇಲೆ ಹೆಚ್ಚು ಮುನಿಯುತ್ತಿದ್ದವು. 14 ವಾರ ಕಳೆದು ಬೇರೆಯಾದವುಗಳಲ್ಲಿ ಅಪರಿಚಿತರ ಮೇಲಿನ ಸಿಟ್ಟು, ಅತಿಯಾಗಿ ಮೈ ನೆಕ್ಕಿಕೊಳ್ಳುವಂಥ ಗೀಳು ಕಡಿಮೆ. ಇದನ್ನು ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಉತ್ತರ ಬರೆದವರು ಸಾಕಿದವರೇ, ಬೆಕ್ಕುಗಳಲ್ಲಿ ಬಹಳಷ್ಟು ಜಾತಿಬೆಕ್ಕುಗಳು. ಬೇಗ ಬಿಡಿಸಿದ್ದೇ ಸಿಟ್ಟಿಗೆ ಕಾರಣವೋ, ಬೇಗ ಬಿಡಿಸುವ ಮನೆಗಳ ಉಳಿದ ಅಸಡ್ಡೆಗಳು ಕಾರಣವೋ ಎಂದು ಇಂಥ ಸಮೀಕ್ಷೆಯಿಂದ ಖಚಿತವಾಗಿ ಹೇಳಲಾಗದು. ಆದರೂ ಒಡಹುಟ್ಟಿದವರೊಡನೆ ಕಚ್ಚಾಡುತ್ತಲೇ ಮರಿ ಹಲ್ಲಿನ ಹದ ಕಲಿಯುವುದನ್ನು ನೋಡಿದ ಯಾರಿಗೂ ಈ ಫಲಿತಾಂಶ ಅಚ್ಚರಿ ತರುವುದಿಲ್ಲ.

ಹಳ್ಳಿಯವರ ವಾದ ಬೇರೆ: ನಮಗೆ ಮುದ್ದು ಬೆಕ್ಕು ಬೇಡ, ಅಡಕೆ ಭತ್ತದ ಮೂಟೆ ಕಾಯುವ ಬೆಕ್ಕು ಬೇಕು. ಇದಕ್ಕೆ ಸ್ವಲ್ಪ ಆಧಾರವೂ ಇದೆ. ಬೇಗ ಹಾಲು ಬಿಟ್ಟ ಮರಿಗಳು ವಸ್ತುಗಳೊಡನೆ ಹೆಚ್ಚು ಆಡುತ್ತವೆಂದು ಕೇಂಬ್ರಿಜ್‌ನ ಪ್ಯಾಟ್ರಿಕ್ ಬೇಟ್ಸನ್ ಕಂಡಿದ್ದರು, ಬೇಗ ದುಡಿಯಬೇಕಾಗಿ ಬಂದ ಹುಡುಗರು ಬೇಗ ಕೈಪಳಗಿಸಿಕೊಳ್ಳುವಂತೆ. ಆದರೆ ತಾಯಿಬೆಕ್ಕು ಮೊದಲು ಸತ್ತ ಇಲಿಯನ್ನು, ಆಮೇಲೆ ಅರೆಜೀವದ್ದನ್ನು ತಂದು ಮರಿಗಳ ಮುಂದೆ ಹಾಕಲು ಶುರು ಮಾಡುವುದು ಸರಿಸುಮಾರು ಇದೇ ನಾಲ್ಕೈದನೇ ವಾರದಲ್ಲಿ. ತಾಯಿಯಿಲ್ಲದೆಯೂ ಬೇಟೆ ಕಲಿಯುವ ಬೆಕ್ಕುಗಳಿವೆ, ಸರಿ. ಆದರೂ ಇಲಿ ಹಿಡಿಯಲೆಂದೇ ತರುವ ಮರಿಯನ್ನು ಪಾಠ ಶುರುವಾದ ದಿನವೇ ಶಾಲೆ ಬಿಡಿಸಿ ತರುವುದು ಎಂಥ ಲೆಕ್ಕಾಚಾರ?

ಬೇಗ ತಂದರೆ ಕೈಗೆ ಹೊಂದುತ್ತದೆ ಎಂಬ ಮಾತಿಗೆ ಮಾತ್ರ ಉತ್ತರ ಕೊಡಲೇಬೇಕು. ಮರಿ ಮನುಷ್ಯನನ್ನು ತನ್ನವನೆಂದು ಒಪ್ಪಿಕೊಳ್ಳುವ ಕಾಲ ಎರಡರಿಂದ ಏಳನೇ ವಾರ. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಐಲೀನ್ ಕಾರ್ಶ್ 1980ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ, ಮೂರನೇ ವಾರದಿಂದ ಕೈಯಾಡಿಸಿದ ಮರಿಗಳು ಏಳನೇ ವಾರದಿಂದ ಕೈಯಾಡಿಸಿದವುಗಳಿಗಿಂತ ಹೆಚ್ಚು ಹೊತ್ತು ಮಡಿಲಲ್ಲಿ ಕುಳಿತವು. ಆದರೆ ಕೈಯಾಡಿಸಲು ತಾಯಿಯಿಂದ ಬಿಡಿಸಬೇಕೆಂದು ಯಾರು ಹೇಳಿದರು? ಮರಿ ಬೇಕೆಂದವರು ವಾರಕ್ಕೆರಡು ಸಲ ಬಂದು, ತಾಯಿಯ ಪಕ್ಕದಲ್ಲೇ ಎತ್ತಿ ಆಡಿಸಿ ಹೋಗಬಹುದು. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆಂಬ ಮಾತಿದೆ. ಬೆಚ್ಚಗಿನ, ಗಲಾಟೆಯಿಲ್ಲದ ಮೂಲೆ ಸಿಕ್ಕರೆ ಅದಕ್ಕೆ ಆ ಕಷ್ಟವೂ ಬೇಡ.

ಹಾಗಾಗಿ ಮರಿಗಳನ್ನು 12 ವಾರ ತಾಯಿಯ ಬಳಿಯೇ ಬಿಡಿ ಎನ್ನುತ್ತೇನೆ. ಮೂರು ತಿಂಗಳು ನಾಲ್ಕು ಮರಿ ಸಾಕುವುದು ಯಾರಿಂದಾದೀತು ಎಂಬುದು ನ್ಯಾಯವಾದ ಪ್ರಶ್ನೆ. ಖರ್ಚಿದೆ, ಪರದೆ ಹರಿಯುತ್ತದೆ, ಬಾಡಿಗೆ ಮನೆಯ ಮಾಲೀಕರು ಸುಮ್ಮನಿರುವುದಿಲ್ಲ. ಹಾಲೂಡುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಲ್ಲದು, ಹೆಣ್ಣುಮರಿ ನಾಲ್ಕೇ ತಿಂಗಳಿಗೆ ಬೆದೆಗೆ ಬರಬಹುದು. ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿಸಲು ಸಿದ್ಧವಿಲ್ಲದ ಮನೆಯಲ್ಲಿ 12 ವಾರ ಇಟ್ಟುಕೊಳ್ಳಿ ಎಂಬ ಸಲಹೆ ನಿಲ್ಲುವುದೂ ಇಲ್ಲ. ಅಷ್ಟು ದಿನ ಆಗದವರು ಎಂಟು ವಾರವಾದರೂ ತಡೆಯಲಿ, ಕೊಡುವಾಗ ಒಂದೇ ಮನೆಗೆ ಜೋಡಿಯಾಗಿ ಕೊಡಲಿ, ಜೊತೆಗೆ ಹುಳದ ಔಷಧಿ ಮತ್ತು ಲಸಿಕೆಯ ತಾರೀಕು ಬರೆದ ಚೀಟಿಯನ್ನೂ ಕೊಡಲಿ.