ಎಳೆಯುವ ಬಲ, ತಡೆಯುವ ಬಲ

ಮಲೆನಾಡಿನ ಸೆರಗಿನಲ್ಲಿರುವ ಕಿತ್ತೂರು, ಎರೆಭೂಮಿಯ ಬೈಲಹೊಂಗಲ, ಮಲಪ್ರಭೆಯ ದಡದ ರಾಮದುರ್ಗ, ಈ ಮೂರು ಸೀಮೆಗಳಿಂದಲೂ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಕಾಲದಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡದತ್ತ ಹೊರಡುವ ಕುಟುಂಬಗಳ ಸಾಲಿನಲ್ಲಿ, ಒಂದು ಕಾಲಕ್ಕೆ ಕೊಲ್ಲಾರಿ ಕಟ್ಟಿದ ಚಕ್ಕಡಿಗಳಿಗೆ ಸಲ್ಲುತ್ತಿದ್ದ ಅಗ್ರಸ್ಥಾನವು ಇಂದು ಬಹುಮಟ್ಟಿಗೆ ಟ್ರ್ಯಾಕ್ಟರಿನ ಡಬ್ಬಿಗಳ ಪಾಲಾಗಿದೆ. ಎತ್ತಿನ ಬಂಡಿಗಳು ಇನ್ನೂ ಬರುತ್ತವೆ, ಅವುಗಳ ಗೆಜ್ಜೆಯ ನಾದ ಕೇಳಿ ಮನಸ್ಸು ಅರಳುವುದೂ ನಿಜ. ಆದರೆ ವಾಹನವಿದ್ಯೆಯಲ್ಲಿ ಅಭಿರುಚಿಯುಳ್ಳವನು ನಿಂತು ನೋಡಬೇಕಾದ ವಸ್ತು ಈ ಡಬ್ಬಿಯೇ.

ನಿನ್ನೆಯವರೆಗೆ ಕಬ್ಬನ್ನೂ ಗೊಬ್ಬರವನ್ನೂ ಹೊತ್ತ ಉಕ್ಕಿನ ಪೆಟ್ಟಿಗೆಯು, ತೊಳೆದು ಬಿಸಿಲಿಗೆ ಒಣಗಿಸಿ, ಬಿದಿರನ್ನು ಕಮಾನಿನಂತೆ ಬಗ್ಗಿಸಿ ತಾಡಪತ್ರಿಯನ್ನು ಬಿಗಿದೊಡನೆ, ಒಂದು ಸಂಸಾರವೇ ತಂಗಬಹುದಾದ ಮನೆಯಾಗಿ ಪರಿಣಮಿಸುತ್ತದೆ. ತಳದಲ್ಲಿ ಒಣಹುಲ್ಲಿನ ಹಾಸು, ಅದರ ಮೇಲೆ ಜಮಖಾನೆ, ಮೂಲೆಯಲ್ಲಿ ಕಟಕರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬರಿ, ನೀರಿನ ಕೊಡ. ಜೋಗುಳಬಾವಿಯಲ್ಲಿ ಸ್ನಾನ ಮುಗಿಸಿ, ಗುಡ್ಡದ ಬಯಲಿನಲ್ಲಿ ಮೂರು ಕಲ್ಲಿನ ಒಲೆ ಹೂಡಿ, ಕಡಬು ಹೋಳಿಗೆಗಳನ್ನು ಬೇಯಿಸಿ ಪರಡಿ ತುಂಬಿಸುವವರೆಗೂ ಈ ಡಬ್ಬಿಯ ನೆರಳೇ ಅಡುಗೆಮನೆ. ರಾತ್ರಿಯಾದರೆ ಅದರ ಗಾಲಿಗಳ ನಡುವಿನ ಜಾಗವೇ ಮಲಗುವ ಕೋಣೆ.

ಅಮೆರಿಕದ ಜನರು ಪಿಕಪ್ ಗಾಡಿಯ ಹಿಂದೆ ವಸತಿಯ ಟ್ರೇಲರನ್ನು ಕಟ್ಟಿಕೊಂಡು ದೇಶ ಸುತ್ತುವ ಪರಿಪಾಠಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಅಲ್ಲಿ ಆರು ಸಿಲಿಂಡರಿನ ಎಂಜಿನ್ನಿಗೆ ವಿಶೇಷ ಮರ್ಯಾದೆಯುಂಟು; ಫೋರ್ಡ್ ಕಂಪನಿಯು 1965ರಿಂದ 1996ರವರೆಗೆ ತಯಾರಿಸಿದ 4.9 ಲೀಟರಿನ ಎಂಜಿನ್ ಆ ಮಾದರಿಯದು, ನಮ್ಮ ಹಳೆಯ ಟಾಟಾ ಲಾರಿಗಳಲ್ಲಿ ಇದ್ದುದೂ ಆರು ಸಿಲಿಂಡರಿನದೇ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಇಂಥ ಎಂಜಿನ್ನಿನಲ್ಲಿ ಆರು ಸಲ ದಹನವಾಗುವುದರಿಂದ ಬಲವು ಅವಿಚ್ಛಿನ್ನವಾಗಿ ಹರಿಯುತ್ತದೆ, ಸಾಲಾಗಿ ನಿಂತ ಆರು ಪಿಸ್ಟನ್ನುಗಳ ಏರಿಳಿತವು ಪರಸ್ಪರ ಸರಿದೂಗಿ ನಡುಕವೂ ಅಡಗುತ್ತದೆ. ನಮ್ಮ ಟ್ರ್ಯಾಕ್ಟರುಗಳಲ್ಲಿ ಅನೇಕವಕ್ಕೆ ಮೂರೇ ಸಿಲಿಂಡರು, ಆದಕಾರಣ ಅಷ್ಟೇ ಸುತ್ತಿಗೆ ಮೂರೇ ದಹನ. ಆದರೂ ಅವು ಟನ್ನುಗಟ್ಟಲೆ ಭಾರವನ್ನು ಏರಿನಲ್ಲಿ ನಿರಾಯಾಸವಾಗಿ ಎಳೆಯುವುದಕ್ಕೆ ಕಾರಣ, ಎಂಜಿನ್ನಿನ ವೇಗವನ್ನು ಗೇರುಗಳ ಮೂಲಕ ಬಹುವಾಗಿ ತಗ್ಗಿಸಿ, ಆ ಪ್ರಮಾಣದಲ್ಲಿ ಗಾಲಿಯನ್ನು ತಿರುಗಿಸುವ ಬಲವನ್ನು ಹೆಚ್ಚಿಸಿಕೊಳ್ಳುವ ಅವುಗಳ ರಚನೆ.

ಹೀಗಿರುವಾಗ, ಎಳೆಯುವ ಬಲದ ವಿಷಯದಲ್ಲಿ ನಾವು ಚಿಂತಿಸಬೇಕಾದುದು ಅಲ್ಪ. ಚಿಂತಿಸಬೇಕಾದುದೆಲ್ಲ ಭಾರದ ವಿನ್ಯಾಸದಲ್ಲಿಯೂ ಅದನ್ನು ತಡೆಯುವ ಬಲದಲ್ಲಿಯೂ ಅಡಗಿದೆ. ಎರಡು ಗಾಲಿಯ ಡಬ್ಬಿಯು ತನ್ನ ಭಾರದ ಒಂದಂಶವನ್ನು ಹುಕ್ಕಿನ ಮೇಲೆ ಹೊರಿಸುತ್ತದೆ. ಆ ಅಂಶವು ಹಿತವಾಗಿದ್ದರೆ ಟ್ರ್ಯಾಕ್ಟರಿನ ಹಿಂಗಾಲಿಗಳು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತವೆ. ಮಿತಿಮೀರಿದರೆ ಮುಂಗಾಲಿಗಳು ಹಗುರಾಗಿ ಸ್ಟೇರಿಂಗ್ ನಿಷ್ಪ್ರಯೋಜಕವಾಗುತ್ತದೆ. ಭಾರವೆಲ್ಲ ಹಿಂದಕ್ಕೆ ಸರಿದರೆ ಡಬ್ಬಿಯು ಅತ್ತಿತ್ತ ತುಯ್ಯತೊಡಗುತ್ತದೆ. ಪಿಕಪ್ಪಿನ ಹಿಂದಿನ ವಸತಿ ಟ್ರೇಲರಿಗೆ ಒಟ್ಟು ಭಾರದ ಶೇಕಡಾ 10ರಿಂದ 15ರಷ್ಟು ಹುಕ್ಕಿನ ಮೇಲಿರಬೇಕೆಂಬುದು ಅಲ್ಲಿಯವರ ನಿಯಮ. ನಮ್ಮವರು ನೀರಿನ ಪೀಪಾಯಿ, ಹಿಟ್ಟಿನ ಚೀಲಗಳನ್ನು ಗಾಲಿಯ ಅಚ್ಚಿಗಿಂತ ತುಸು ಮುಂದೆ, ತಳಕ್ಕೆ ಅಂಟಿದಂತೆ ಇರಿಸಿದರೆ ಅದೇ ಫಲ ದೊರೆಯುತ್ತದೆ.

ನಿಜವಾದ ಪರೀಕ್ಷೆ ಗುಡ್ಡದ ಇಳಿಜಾರಿನಲ್ಲಿ. ನಮ್ಮ ಬಹುತೇಕ ಡಬ್ಬಿಗಳಿಗೆ ಸ್ವಂತ ಬ್ರೇಕೆಂಬುದಿಲ್ಲ. ಹಿಂದಿನ ಭಾರವೆಲ್ಲ ಮುಂದಿನ ವಾಹನವನ್ನು ನೂಕುತ್ತದೆ, ತಿರುವಿನಲ್ಲಿ ನೂಕಿದಾಗ ಟ್ರ್ಯಾಕ್ಟರ್ ಅಡ್ಡಡ್ಡ ತಿರುಗಿ ಮಗುಚುವುದಕ್ಕೂ ಆಸ್ಪದವಾಗುತ್ತದೆ. "ತಮ್ಮಾ, ಏರಿಸಿದ ಗೇರಿನ್ಯಾಗ ಇಳಿಸು, ನ್ಯೂಟ್ರಲ್ ಮಾಡಬ್ಯಾಡ" ಎಂದು ಹಿರಿಯ ಡ್ರೈವರರು ಹೇಳಿಕೊಡುವ ಮಾತಿನಲ್ಲಿ ಯಂತ್ರಶಾಸ್ತ್ರದ ಸಾರವೇ ಇದೆ: ಕೆಳಗೇರಿನಲ್ಲಿರುವ ಎಂಜಿನ್ನು ತಾನೇ ವೇಗವನ್ನು ಹಿಡಿದು ನಿಲ್ಲಿಸುತ್ತದೆ, ಬ್ರೇಕು ಕಾದು ಸೋಲುವ ಪ್ರಸಂಗ ಬರುವುದಿಲ್ಲ. ಹೊಲದಲ್ಲಿ ಬೇರೆಬೇರೆಯಾಗಿ ಒತ್ತುವ ಎಡಬಲದ ಬ್ರೇಕ್ ಪೆಡಲುಗಳನ್ನು ರಸ್ತೆಗಿಳಿಯುವ ಮುನ್ನ ಕೊಂಡಿ ಹಾಕಿ ಒಂದಾಗಿಸತಕ್ಕದ್ದು; ಒಂದೇ ಪೆಡಲು ಒತ್ತಿದರೆ ಒಂದೇ ಗಾಲಿ ನಿಂತು ವಾಹನವು ಪಕ್ಕಕ್ಕೆ ಎಳೆಯುತ್ತದೆ. ಹುಕ್ಕಿನ ಪಿನ್ನನ್ನು ಇಳಿಬಿಟ್ಟರಷ್ಟೇ ಸಾಲದು, ಅದು ಕುಲುಕಾಟಕ್ಕೆ ಮೇಲೆದ್ದು ಬಾರದಂತೆ ಕೆಳತುದಿಯ ರಂಧ್ರದಲ್ಲಿ ಕ್ಲಿಪ್ಪು ಸಿಕ್ಕಿಸಿ, ಜೊತೆಗೊಂದು ಸರಪಳಿಯನ್ನೂ ಬಿಗಿಯಬೇಕು. ಸವೆದು ತೆಳುವಾದ ಪಿನ್ನನ್ನು ಬದಲಿಸಲು ಹಿಂದೆಮುಂದೆ ನೋಡುವುದು ವಿವೇಕವಲ್ಲ.

ಇಷ್ಟೆಲ್ಲ ಎಚ್ಚರಿಕೆಯ ಅನಂತರವೂ ಒಂದು ಮಾತನ್ನು ಆಡದಿರಲಾರೆ. ಕಾನೂನು ಈ ಡಬ್ಬಿಯನ್ನು ಸರಕಿನ ವಾಹನವೆಂದೇ ಬಗೆಯುತ್ತದೆ, ಜನರನ್ನು ಕೂಡಿಸಿಕೊಂಡು ಹೋಗಲು ಅನುಮತಿಯಿಲ್ಲ. ಅದರ ಗೋಡೆಗಳು ಮಗುಚಿದ ಗಳಿಗೆಯಲ್ಲಿ ಯಾರನ್ನೂ ಕಾಯುವುದಿಲ್ಲ. ಆದುದರಿಂದ ನಿಂತ ಡಬ್ಬಿಯು ಮನೆಯಾಗಲಿ, ಚಲಿಸುವ ಡಬ್ಬಿಯು ಸಾಮಾನಿಗಷ್ಟೇ ಮೀಸಲಾಗಲಿ. ಜಾತ್ರೆಯ ದಿನಗಳಲ್ಲಿ ಸಾರಿಗೆ ಸಂಸ್ಥೆಯು ವಿಶೇಷ ಬಸ್ಸುಗಳನ್ನು ಓಡಿಸುತ್ತದೆ; ಹೆಂಗಸರೂ ಮಕ್ಕಳೂ ವೃದ್ಧರೂ ಅವುಗಳಲ್ಲಿ ಬಂದು ಗುಡ್ಡದ ಮೇಲೆ ಡಬ್ಬಿಯನ್ನು ಕೂಡಿಕೊಂಡರೆ ಹರಕೆಗೆ ಲೋಪವೇನೂ ಇಲ್ಲ. ಕಬ್ಬಿನ ಸುಗ್ಗಿಯೂ ಜಾತ್ರೆಯೂ ಒಂದೇ ಕಾಲಕ್ಕೆ ಕೂಡಿ ಬರುವ ಈ ನಾಡಿನ ರಸ್ತೆಗಳಲ್ಲಿ, ದೀಪವಿಲ್ಲದ ಡಬ್ಬಿಗೆ ಹಿಂದಿನಿಂದ ಬಂದ ಬೈಕು ಬಡಿದು ಪ್ರಾಣ ಕಳೆದುಕೊಳ್ಳುವವರಿದ್ದಾರೆ. ಈ ವರ್ಷ ಹೊರಡುವ ಮುನ್ನ ಪ್ರತಿಯೊಬ್ಬ ಮಾಲೀಕರೂ ತಮ್ಮ ಡಬ್ಬಿಯ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನು ಅಂಟಿಸಬೇಕೆಂದು ಪ್ರಾರ್ಥಿಸುತ್ತೇನೆ.