ಮುಚ್ಚಿದ ಡಬ್ಬಿಯ ಆಟಿಕೆ

ಕವಿತೆಗೆ ವಿಮರ್ಶೆಯುಂಟು, ಕಾದಂಬರಿಗೆ ವಿಮರ್ಶೆಯುಂಟು, ಶುಕ್ರವಾರ ತೆರೆಕಂಡ ಚಲನಚಿತ್ರಕ್ಕೆ ಶನಿವಾರದ ಪತ್ರಿಕೆಯಲ್ಲಿಯೇ ವಿಮರ್ಶೆಯುಂಟು. ಆದರೆ ಮಕ್ಕಳ ಕೈಯಲ್ಲಿ ದಿನವಿಡೀ ಇದ್ದು ರಾತ್ರಿ ಅವರ ಹಾಸಿಗೆಯನ್ನೂ ಸೇರುವ ಆಟಿಕೆಗೆ ವಿಮರ್ಶೆಯೆಂಬುದಿಲ್ಲ. ಬೆಲೆ ಎಷ್ಟು, ಬಣ್ಣ ಬಿಡುತ್ತದೆಯೇ, ಬ್ಯಾಟರಿ ಬೇಕೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ತಂದೆತಾಯಿಗಳ ವಿಚಾರಣೆ ಮುಗಿಯಿತು. ಪ್ರಿಯ ವಾಚಕರೇ, ಕ್ರಿಸ್ತಜಯಂತಿಯ ಖರೀದಿಗೆ ಚೀಲ ಹಿಡಿದು ಹೊರಡುವ ಮುನ್ನ ಆಟಿಕೆಯನ್ನೂ ಒಂದು ಕೃತಿಯೆಂದು ಭಾವಿಸಿ ಸ್ವಲ್ಪ ಹೊತ್ತು ಓದಿ ನೋಡೋಣ.

ಹೀಗೆ ಓದಿದವರು ಹಿಂದೆಯೂ ಇದ್ದರು. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ಥ್ 1957ರ ತಮ್ಮ 'ಮಿಥಾಲಜೀಸ್' ಗ್ರಂಥದಲ್ಲಿ ಆಟಿಕೆಗಳ ಬಗ್ಗೆಯೇ ಒಂದು ಚಿಕ್ಕ ಪ್ರಬಂಧವನ್ನು ಬರೆದರು. ಅಂಗಡಿಯ ಆಟಿಕೆಗಳಲ್ಲಿ ಬಹುಪಾಲು ದೊಡ್ಡವರ ಲೋಕವನ್ನೇ ಕುಗ್ಗಿಸಿ ಕೊಟ್ಟ ಪ್ರತಿಕೃತಿಗಳು. ಅವು ಮಗುವನ್ನು ಒಡೆಯನನ್ನಾಗಿ, ಬಳಕೆದಾರನನ್ನಾಗಿ ಮಾಡುತ್ತವೆಯೇ ಹೊರತು ಸೃಷ್ಟಿಸುವವನನ್ನಾಗಿ ಮಾಡುವುದಿಲ್ಲ ಎಂಬುದು ಅವರ ಆಕ್ಷೇಪಣೆ. ಮರದ ಆಟಿಕೆ ಮಾಯವಾಗಿ ಪ್ಲಾಸ್ಟಿಕ್ ಬಂದುದಕ್ಕೂ ಅವರು ಮರುಗಿದ್ದರು. ಬಾರ್ಥ್ ಹೇಳಿದ್ದೆಲ್ಲವನ್ನೂ ಒಪ್ಪಬೇಕಾಗಿಲ್ಲ. ಮಗುವಿಗೆ ಅಡುಗೆಯ ಆಟದ ಸಾಮಾನು ಕೊಟ್ಟರೆ ಅದು ಅನ್ನವನ್ನಷ್ಟೇ ಬೇಯಿಸುವುದಿಲ್ಲ, ಮಣ್ಣನ್ನೂ ಬೇಯಿಸುತ್ತದೆ, ಚಂದ್ರನನ್ನೂ ಬೇಯಿಸುತ್ತದೆ. ದೊಡ್ಡವರ ಉದ್ದೇಶವನ್ನು ಮೀರುವ ಶಕ್ತಿ ಮಕ್ಕಳಿಗೆ ಬೇಕಾದಷ್ಟಿದೆ. ಆದರೂ ಬಾರ್ಥ್ ಎತ್ತಿದ ಪ್ರಶ್ನೆ ಸರಿಯಾದದ್ದು: ಈ ವಸ್ತುವಿನ ಮುಂದೆ ಮಗುವಿಗೆ ಮಾಡಲು ಏನು ಉಳಿದಿದೆ?

ಈ ಪ್ರಶ್ನೆಯನ್ನು ಹಿಡಿದುಕೊಂಡು, ಈಚಿನ ವರ್ಷಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ ಗೊಂಬೆಯ ಬಳಿಗೆ ಹೋಗೋಣ. ಅದರ ಹೆಸರು ಲಬುಬು. ಮೊಲದ ಕಿವಿ, ರೋಮದ ಮೈ, ಅಗಲವಾದ ನಗೆಯಲ್ಲಿ ಸಾಲಾಗಿ ಚೂಪು ಹಲ್ಲು. ಹಾಂಕಾಂಗಿನಲ್ಲಿ ಹುಟ್ಟಿ ನೆದರ್ಲ್ಯಾಂಡ್ಸಿನಲ್ಲಿ ಬೆಳೆದ ಕಾಸಿಂಗ್ ಲುಂಗ್ ಎಂಬ ಕಲಾವಿದರು 2015ರಲ್ಲಿ ಉತ್ತರ ಯುರೋಪಿನ ಯಕ್ಷ ಕಥೆಗಳ ಪ್ರೇರಣೆಯಿಂದ ಚಿತ್ರಪುಸ್ತಕಗಳಿಗಾಗಿ ಇದನ್ನು ರೂಪಿಸಿದರು. 2019ರಲ್ಲಿ ಚೀನಾದ ಪಾಪ್ ಮಾರ್ಟ್ ಕಂಪನಿ ಇದರ ಗೊಂಬೆಗಳನ್ನು ತಯಾರಿಸತೊಡಗಿತು. 2024ರಲ್ಲಿ ಬ್ಲ್ಯಾಕ್‌ಪಿಂಕ್ ತಂಡದ ಗಾಯಕಿ ಲೀಸಾ ಅದನ್ನು ತಮ್ಮ ಚೀಲಕ್ಕೆ ತೂಗುಹಾಕಿಕೊಂಡು ಕಾಣಿಸಿಕೊಂಡದ್ದೇ ತಡ, ಜಗತ್ತಿನ ಅಂಗಡಿಗಳ ಮುಂದೆ ಸಾಲು ಬೆಳೆಯಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ಅಂಗಡಿಗಳಲ್ಲಿ ಗ್ರಾಹಕರು ಕೈಕೈ ಮಿಲಾಯಿಸಿದ ಮೇಲೆ ಕಂಪನಿ ಅಲ್ಲಿ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅದೇ ಜೂನಿನಲ್ಲಿ ಬೀಜಿಂಗಿನ ಹರಾಜೊಂದರಲ್ಲಿ ಮನುಷ್ಯನಷ್ಟು ಎತ್ತರದ ಒಂದು ಲಬುಬು 10.8 ಲಕ್ಷ ಯುವಾನ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಒಂದೂಕಾಲು ಕೋಟಿ ರೂಪಾಯಿಗೂ ಮಿಕ್ಕ ಬೆಲೆಗೆ ಹೋಯಿತು. ನಮ್ಮ ನಗರಗಳ ಪಾದಚಾರಿ ಮಾರ್ಗಗಳಲ್ಲಿ ಅದರ ನಕಲುಗಳು ಗೊಂಚಲು ಗೊಂಚಲಾಗಿ ತೂಗಾಡಿದವು.

ಆಗ ಹರಡಿದ ಒಂದು ವದಂತಿಯನ್ನು ಇಲ್ಲಿಯೇ ಮುಗಿಸಿಬಿಡುವುದು ಒಳ್ಳೆಯದು. ಲಬುಬು ಎಂಬುದು ಪುರಾತನ ಮೆಸಪೊಟೇಮಿಯಾದ ಪಜುಜು ಎಂಬ ದೆವ್ವದ ರೂಪವೆಂದೂ, ಅದನ್ನು ಮನೆಗೆ ತಂದವರಿಗೆ ಕೇಡು ತಪ್ಪದೆಂದೂ ಮೊಬೈಲಿನಿಂದ ಮೊಬೈಲಿಗೆ ಸಂದೇಶಗಳು ಹಾರಾಡಿದವು. ಭಕ್ತಿಯುಳ್ಳವರೇ ಅದನ್ನು ಹೆಚ್ಚಾಗಿ ನಂಬಿದರೆಂಬುದು ಬೇಸರದ ಸಂಗತಿ. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ದೆವ್ವವನ್ನು ಗೊಂಬೆಯ ಹಲ್ಲಿನಲ್ಲಿ ಹುಡುಕುವವರು ಅದನ್ನು ಮಾರುವ ಬಗೆಯನ್ನು ನೋಡುವುದೇ ಇಲ್ಲ. ನನ್ನ ತಕರಾರು ಗೊಂಬೆಯ ಮೇಲಲ್ಲ, ಅದರ ಡಬ್ಬಿಯ ಮೇಲೆ.

ಡಬ್ಬಿ ಮುಚ್ಚಿರುತ್ತದೆ. ಒಂದು ಸರಣಿಯಲ್ಲಿ ಸಾಮಾನ್ಯವಾಗಿ ಆರು ಬಗೆಯ ಗೊಂಬೆಗಳು; ಅವುಗಳ ಜೊತೆಗೆ ಒಂದು 'ರಹಸ್ಯ' ಗೊಂಬೆ. ನೀವು ಹಣ ಕೊಟ್ಟು ಕೊಳ್ಳುವುದು ಯಾವುದೆಂದು ಬಿಚ್ಚುವವರೆಗೂ ತಿಳಿಯದು. ಇದಕ್ಕೆ ಬ್ಲೈಂಡ್ ಬಾಕ್ಸ್ ಎಂದು ಹೆಸರು. ರಹಸ್ಯ ಗೊಂಬೆ ಸಿಗುವ ಸಂಭವ 72ರಲ್ಲಿ ಒಂದು. ಹಾಗಾದರೆ 72 ಡಬ್ಬಿ ಕೊಂಡರೆ ಸಿಕ್ಕೇ ಸಿಗುವುದೆಂದು ಮಕ್ಕಳು ತಿಳಿಯುತ್ತಾರೆ. ಪ್ರೌಢಶಾಲೆಯ ಗಣಿತ ಬಲ್ಲವರು ಲೆಕ್ಕ ಹಾಕಿ ನೋಡಲಿ: ಪ್ರತಿ ಡಬ್ಬಿಯೂ ಬಿಡಿಯಾಗಿ ಅದೃಷ್ಟದ ಮಾತಾದರೆ, 72 ಡಬ್ಬಿ ಕೊಂಡ ಮೂವರಲ್ಲಿ ಒಬ್ಬರಿಗಾದರೂ ಬರಿಗೈಯೇ ಗತಿ. ರಹಸ್ಯದ ಮಾತು ಬಿಡಿ. ಆರು ಸಾಮಾನ್ಯ ಗೊಂಬೆಗಳ ಜೊತೆಯನ್ನು ಪೂರ್ಣಗೊಳಿಸಲು ಹೀಗೆ ಒಂದೊಂದಾಗಿ ಕಣ್ಣುಮುಚ್ಚಿ ತೆಗೆಯುವವನು ಸರಾಸರಿ ಹದಿನೈದು ಡಬ್ಬಿಗಳ ಹಣ ತೆರಬೇಕಾಗುತ್ತದೆ. ಆರು ಗೊಂಬೆಗೆ ಹದಿನೈದು ಬೆಲೆ!

ಇದು ನಮಗೆ ಅಪರಿಚಿತವಾದ ವ್ಯಾಪಾರವೇನಲ್ಲ. ಒಂದಂಕಿ ಲಾಟರಿಯ ಕಾಲವನ್ನು ಕಂಡವರು ನಿಮ್ಮಲ್ಲಿ ಅನೇಕರಿದ್ದೀರಿ. ಸಂಜೆಯ ಕೂಲಿ ಮನೆಗೆ ಬಾರದೆ ಮೂಲೆಯ ಅಂಗಡಿಯಲ್ಲಿ ಕರಗಿಹೋಗುತ್ತಿದ್ದ ಆ ದಿನಗಳಲ್ಲಿ ಎಷ್ಟು ತಾಯಂದಿರ ಕಣ್ಣೀರನ್ನು ಧರ್ಮಕೇಂದ್ರಗಳು ಕಂಡಿಲ್ಲ! 2007ರಲ್ಲಿ ಕರ್ನಾಟಕ ಸರ್ಕಾರ ಲಾಟರಿಯನ್ನು ನಿಷೇಧಿಸಿದಾಗ ಎಷ್ಟೋ ಮನೆಗಳು ನಿಟ್ಟುಸಿರುಬಿಟ್ಟವು. ಲಾಟರಿಯ ಚೀಟಿಯಲ್ಲಿದ್ದ ಅದೇ ತಂತ್ರ, ಅಂದರೆ ಈ ಸಲ ಬರಲಿಲ್ಲ, ಮುಂದಿನ ಸಲ ಬಂದೀತು ಎಂಬ ತುರಿಕೆ, ಇಲ್ಲಿ ರೋಮದ ಅಂಗಿ ತೊಟ್ಟು ಹತ್ತು ವರ್ಷದ ಮಗುವಿನ ಬಳಿಗೆ ಬಂದಿದೆ. ಈ ಹೋಲಿಕೆ ಅತಿಯಾಯಿತೆನ್ನುವವರು ಒಂದು ಸಂಗತಿಯನ್ನು ಗಮನಿಸಬೇಕು. ಈ ವ್ಯಾಪಾರದ ತವರಾದ ಚೀನಾದಲ್ಲಿಯೇ ಸರ್ಕಾರ 2023ರಲ್ಲಿ ಮಾರ್ಗಸೂಚಿ ಹೊರಡಿಸಿ, ಎಂಟು ವರ್ಷಕ್ಕಿಂತ ಕಿರಿಯರಿಗೆ ಇಂಥ ಡಬ್ಬಿಗಳನ್ನು ಮಾರಕೂಡದೆಂದು ಹೇಳಿತು. ವಿಡಿಯೋ ಆಟಗಳೊಳಗಿನ ಇದೇ ಬಗೆಯ ಮುಚ್ಚಿದ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶ 2018ರಲ್ಲಿಯೇ ಜೂಜೆಂದು ಪರಿಗಣಿಸಿತು.

ಕೃತಿಯಾಗಿ ನೋಡಿದರೆ ಈ ಆಟಿಕೆಯ ಆಯುಷ್ಯ ಡಬ್ಬಿ ಬಿಚ್ಚುವ ಆ ಅರ್ಧ ನಿಮಿಷ. ಆಮೇಲೆ ಅದರೊಡನೆ ಮಾಡಲು ಏನೂ ಇಲ್ಲ. ತೂಗುಹಾಕಬಹುದು, ಇಲ್ಲವೇ ಕಪಾಟಿನಲ್ಲಿ ನಿಲ್ಲಿಸಬಹುದು. ಅದಕ್ಕಿಂತಲೂ ನೋವಿನ ಮಾತೆಂದರೆ, ಮೊದಲೇ ಇದ್ದ ಬಣ್ಣದ ಗೊಂಬೆಯೇ ಮತ್ತೆ ಸಿಕ್ಕಿದರೆ ಮಗುವಿನ ಮುಖ ಬಾಡುತ್ತದೆ. ಗೊಂಬೆಯಲ್ಲಿ ಯಾವ ಊನವೂ ಇಲ್ಲ, ಆದರೂ ಅದು ಬೇಡವಾಯಿತು. ಒಂದು ಗೊಂಬೆಯನ್ನು ಕೈಕಾಲು ಮುರಿದ ಮೇಲೂ ಬಿಡದೆ ಅಪ್ಪಿ ಮಲಗುವುದು ಮಗುವಿನ ಸಹಜಗುಣ. ಮುರಿಯದ ಗೊಂಬೆಯನ್ನು ತಿರಸ್ಕರಿಸಲು ಅದಕ್ಕೆ ಯಾರೋ ಕಲಿಸಬೇಕಾಗುತ್ತದೆ.

ಇಂಥ ಹುಚ್ಚು ಇದೇ ಮೊದಲಲ್ಲ. 1983ರ ಕ್ರಿಸ್ಮಸ್ ಕಾಲದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಕ್ಯಾಬೇಜ್ ಪ್ಯಾಚ್ ಗೊಂಬೆಗಳಿಗಾಗಿ ತಂದೆತಾಯಿಗಳು ಒಬ್ಬರನ್ನೊಬ್ಬರು ತಳ್ಳಾಡಿದರು. 1993ರಲ್ಲಿ ಬಂದ ಬೀನಿ ಬೇಬಿ ಎಂಬ ಪುಟ್ಟ ಬಟ್ಟೆಯ ಪ್ರಾಣಿಗಳ ಕಥೆ ಇನ್ನೂ ಬೋಧಪ್ರದವಾದುದು. ಕಂಪನಿ ಒಂದೊಂದೇ ಮಾದರಿಯನ್ನು 'ನಿವೃತ್ತ'ಗೊಳಿಸುತ್ತ ಬಂದಂತೆ ಅವುಗಳ ಮರುಮಾರಾಟದ ಬೆಲೆ ಏರಿತು; ಮಕ್ಕಳ ಓದಿಗೆ ಆದೀತೆಂದು ಜನ ಅವುಗಳನ್ನು ಪೆಟ್ಟಿಗೆಗಟ್ಟಲೆ ಕೂಡಿಟ್ಟರು. ಕಿವಿಗೆ ಸಿಕ್ಕಿಸಿದ ಚೀಟಿ ಹರಿದರೆ ಬೆಲೆ ಬೀಳುವುದೆಂದು ಆ ಚೀಟಿಗೇ ಪ್ಲಾಸ್ಟಿಕ್ ಕವಚ ತೊಡಿಸಿದರು. 1999ರಲ್ಲಿ ಲಾಸ್ ವೇಗಾಸಿನ ನ್ಯಾಯಾಲಯವೊಂದರಲ್ಲಿ ವಿಚ್ಛೇದನ ಪಡೆದ ದಂಪತಿಗಳು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ತಮ್ಮ ಬೀನಿ ಬೇಬಿಗಳನ್ನು ಪಾಲು ಮಾಡಿಕೊಂಡ ಛಾಯಾಚಿತ್ರ ಇಂದಿಗೂ ನೋಡಸಿಗುತ್ತದೆ. ಸ್ವಲ್ಪ ಕಾಲದಲ್ಲಿಯೇ ಬೆಲೆ ಕುಸಿಯಿತು.

ಸಂಗ್ರಹದ ಹವ್ಯಾಸವೇ ಕೆಟ್ಟದ್ದೆಂದು ನನ್ನ ಮಾತಿನ ಅರ್ಥವಲ್ಲ. ನಮ್ಮ ತಲೆಮಾರಿನವರು ಬೆಂಕಿಪೊಟ್ಟಣದ ಚಿತ್ರಗಳನ್ನು, ಅಂಚೆ ಚೀಟಿಗಳನ್ನು ಕೂಡಿಡುತ್ತಿದ್ದೆವು. ಅದಕ್ಕೆ ಬೇಕಾಗಿದ್ದುದು ಕಾಸಲ್ಲ, ಕಣ್ಣು. ರಸ್ತೆಯ ಬದಿಯಲ್ಲಿ ಬಗ್ಗಿ ಹುಡುಕುವ ತಾಳ್ಮೆ, ಗೆಳೆಯನೊಡನೆ ಚೌಕಾಸಿ ಮಾಡಿ ಒಂದಕ್ಕೊಂದು ಬದಲಾಯಿಸಿಕೊಳ್ಳುವ ಜಾಣತನ. ಆಟವನ್ನೇ ಹಳಿಯುವುದಂತೂ ಧರ್ಮಸಭೆಯ ಸಂಪ್ರದಾಯವಲ್ಲ. ಸಂತ ತೋಮಸ್ ಅಕ್ವಿನಾಸರು ತಮ್ಮ 'ಸುಮ್ಮಾ'ದಲ್ಲಿ, ದಣಿದ ಆತ್ಮಕ್ಕೆ ಆಟವೇ ವಿಶ್ರಾಂತಿಯೆಂದು ವಾದಿಸಿ ಒಂದು ಪ್ರಸಂಗವನ್ನು ಹೇಳುತ್ತಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಆಕ್ಷೇಪಿಸಿದರಂತೆ. ಆಗ ಅವರು ಬಿಲ್ಲು ಹಿಡಿದಿದ್ದ ಒಬ್ಬನಿಗೆ, ಬಾಣದ ಮೇಲೆ ಬಾಣ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲೇ ಮುರಿದೀತೆಂದು ಅವನೆಂದ. ಬಿಗಿದೇ ಇಟ್ಟ ಮನಸ್ಸೂ ಹಾಗೆಯೇ ಎಂದರು ಸಂತರು. ಅಕ್ವಿನಾಸರು ಇಷ್ಟಕ್ಕೇ ನಿಲ್ಲದೆ, ನಗುವೇ ಅರಿಯದ, ಇತರರ ವಿನೋದಕ್ಕೂ ಅಡ್ಡಿಯಾಗುವ ಸಿಡುಕುತನವನ್ನು ದೋಷಗಳ ಪಟ್ಟಿಗೇ ಸೇರಿಸಿದ್ದಾರೆ. ಮಕ್ಕಳು ಗದ್ದಲ ಮಾಡಿದರೆಂದು ಗುಡಿಯ ಅಂಗಳದಿಂದ ಅಟ್ಟುವ ಹಿರಿಯರು ಆ ಪುಟವನ್ನು ಓದುವುದು ಒಳಿತು.

ಒಳ್ಳೆಯ ಆಟಿಕೆ ಹೇಗಿರುತ್ತದೆ? ಬಾರ್ಥ್ ಪ್ಲಾಸ್ಟಿಕ್ಕನ್ನು ಹಳಿದ ಮರುವರ್ಷವೇ, 1958ರಲ್ಲಿ, ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನ ಲೆಗೋ ಕಂಪನಿ ತನ್ನ ಇಂದಿನ ರೂಪದ ಇಟ್ಟಿಗೆಗೆ ಹಕ್ಕುಪತ್ರಕ್ಕಾಗಿ ಅರ್ಜಿ ಸಲ್ಲಿಸಿತು. ಬಡಗಿಯೊಬ್ಬ 1932ರಲ್ಲಿ ಕಟ್ಟಿದ ಆ ಸಂಸ್ಥೆ ಮೊದಲು ಮಾಡುತ್ತಿದ್ದುದು ಮರದ ಆಟಿಕೆಗಳನ್ನೇ. ಎಂಟು ಗುಬ್ಬಿಗಳುಳ್ಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91 ಕೋಟಿಗೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಅಂದಿನ ಇಟ್ಟಿಗೆ ಇಂದಿನ ಇಟ್ಟಿಗೆಗೂ ಕೂಡಿಕೊಳ್ಳುತ್ತದೆ. ಅಜ್ಜ ಆಡಿದ್ದು ಮೊಮ್ಮಗನ ಕೈಯಲ್ಲಿ ನಿಷ್ಪ್ರಯೋಜಕವಾಗುವುದಿಲ್ಲ. ಮಗುವಿಗೆ ಮಾಡಲು ಉಳಿದದ್ದೇನು ಎಂಬ ಪ್ರಶ್ನೆಗೆ ಇದಕ್ಕಿಂತ ಧಾರಾಳವಾದ ಉತ್ತರ ವಿರಳ. ಆದರೆ ಬೆಲೆ ಸಾಮಾನ್ಯ ಕುಟುಂಬದ ಕೈಗೆಟಕುವಂಥದ್ದಲ್ಲ. 1999ರಿಂದ ಚಲನಚಿತ್ರಗಳ ಹೆಸರಿನ ಪೆಟ್ಟಿಗೆಗಳು ಬಂದ ಮೇಲೆ, ಚಿತ್ರ ನೋಡಿ ಒಂದು ನೌಕೆಯನ್ನು ಕಟ್ಟಿ, ಕಪಾಟಿನಲ್ಲಿಟ್ಟು, ಮತ್ತೆ ಬಿಚ್ಚದಿರುವ ಅಭ್ಯಾಸವೂ ಬೆಳೆಯಿತು. 2010ರಲ್ಲಿ ಲೆಗೋ ಕೂಡ ಪುಟ್ಟ ಮನುಷ್ಯಾಕೃತಿಗಳನ್ನು ಮುಚ್ಚಿದ ಪೊಟ್ಟಣದಲ್ಲಿ ಮಾರಲು ತೊಡಗಿತು.

ನಮ್ಮದೇ ಚನ್ನಪಟ್ಟಣದ ಗೊಂಬೆಗಳನ್ನು ಹೊಗಳುವುದು ಈಗ ರೂಢಿಯ ಮಾತಾಗಿದೆ. ಅವು ಹೊಗಳಿಕೆಗೆ ಅರ್ಹವೂ ಹೌದು. ಆಲೆಮರದ ಬಿಳಿಯ ಕಟ್ಟಿಗೆ ಯಂತ್ರದಲ್ಲಿ ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಒಣಗಿದ ಗರಿಯಿಂದ ಉಜ್ಜಿದಾಗ ಆ ಹೊಳಪು ಬರುತ್ತದೆ. ಮೂಲೆಗಳಿಲ್ಲದ, ಬಾಯಿಗಿಟ್ಟರೂ ಚುಚ್ಚದ ಆಕಾರ ಆ ತಿರುಗುವಿಕೆಯಿಂದಲೇ ಹುಟ್ಟಿದ್ದು. ಆದರೆ ವಿಮರ್ಶಕನ ಮಾತನ್ನೂ ಹೇಳಬೇಕು. ಮನೆ ಭೇಟಿಗೆ ಹೋದಾಗ ನಾನು ಅವುಗಳನ್ನು ಕಾಣುವುದು ಬಹುಮಟ್ಟಿಗೆ ಗಾಜಿನ ಬಾಗಿಲಿನ ಶೋಕೇಸಿನೊಳಗೆ. ತಳ್ಳುವ ಗಾಡಿ, ಬುಗುರಿ, ಗಿಲಕಿಗಳಾಗಿ ಮಗುವಿನ ಕೈಗೆಂದೇ ಮಾಡಿದ ವಸ್ತು ಪರಂಪರೆಯ ಹೆಸರಿನಲ್ಲಿ ಗಾಜಿನ ಹಿಂದೆ ಸೇರಿದರೆ, ಅದಕ್ಕೂ ಮುಚ್ಚಿದ ಡಬ್ಬಿಯ ಗತಿಯೇ ಆಯಿತು. ಕೊಂಡವರು ದಯವಿಟ್ಟು ಮಕ್ಕಳಿಗೆ ಕೊಡಿ. ಬಣ್ಣ ಮಾಸಲಿ. (ಅಂಗಡಿಯಲ್ಲಿ ಕಾರ್ಖಾನೆಯ ಆಟಿಕೆ ಕೊಳ್ಳುವವರು ಐ.ಎಸ್.ಐ. ಗುರುತನ್ನು ನೋಡಿಕೊಳ್ಳಿ, 2021ರ ಜನವರಿ 1ರಿಂದ ಅದು ಕಡ್ಡಾಯವಾಗಿದೆ.)

ಗೊಂಬೆಗಳ ಮಾತು ಸಾಕು. ರಜೆಯಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದು ಪಟದ ಆಟಗಳ ಸುತ್ತ. ಚೌಕಾಬಾರಕ್ಕೆ ಸೀಮೆಸುಣ್ಣವೂ ನಾಲ್ಕು ಕವಡೆಯೂ ಸಾಕು. ಕರಾವಳಿಯವರ ಚೆನ್ನೆಮಣೆ ಅಟ್ಟದಲ್ಲಿದ್ದರೆ ಇಳಿಸಿ. ಆದರೆ ಮಕ್ಕಳು ಕೇಳುವುದು ಹೆಚ್ಚಾಗಿ, ಮುಂಬಯಿ, ದೆಹಲಿಗಳನ್ನು ಕೊಂಡು ಮಾರುವ 'ಬಿಸಿನೆಸ್' ಎಂಬ ಆಟವನ್ನು. ಅದರ ಮೂಲವಾದ ಮೊನಾಪಲಿಯ ಕಥೆ ಬಹಳ ಜನಕ್ಕೆ ತಿಳಿಯದು. ಅಮೆರಿಕದ ಎಲಿಜಬೆತ್ ಮೇಗಿ ಎಂಬ ಮಹಿಳೆ 1904ರಲ್ಲಿ 'ಜಮೀನ್ದಾರನ ಆಟ' ಎಂಬ ಪಟಕ್ಕೆ ಹಕ್ಕುಪತ್ರ ಪಡೆದರು. ಅವರು ಅರ್ಥಶಾಸ್ತ್ರಜ್ಞ ಹೆನ್ರಿ ಜಾರ್ಜರ ಅನುಯಾಯಿ. ಭೂಮಿಯನ್ನು ಕೆಲವರೇ ಹಿಡಿದಿಟ್ಟುಕೊಂಡು ಬಾಡಿಗೆ ಸುಲಿದರೆ ಉಳಿದವರ ಗತಿಯೇನು ಎಂಬುದನ್ನು ಮಕ್ಕಳೂ ಕಣ್ಣಾರೆ ಕಾಣಲಿ ಎಂಬುದೇ ಅವರ ಉದ್ದೇಶ. ಅಂದರೆ ಆ ಆಟ ದುರಾಸೆಯ ಮೇಲಿನ ಒಂದು ವಿಮರ್ಶೆ! ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದವರು ತಮ್ಮ ಬೀದಿಗಳ ಹೆಸರನ್ನು ಬರೆದುಕೊಂಡು ಅದನ್ನು ಆಡಿದರು. ಅವರಿಂದ ಅದು ಚಾರ್ಲ್ಸ್ ಡ್ಯಾರೋ ಎಂಬವರ ಕೈಸೇರಿ, 1935ರಲ್ಲಿ ಅವರದೇ ಸ್ವಂತ ಸೃಷ್ಟಿಯೆಂಬಂತೆ ಪಾರ್ಕರ್ ಬ್ರದರ್ಸ್ ಕಂಪನಿಯಿಂದ ಹೊರಬಂದಿತು. ಡ್ಯಾರೋ ಕೋಟ್ಯಧೀಶರಾದರು. ಮೇಗಿಯವರ ಹಕ್ಕುಪತ್ರಕ್ಕೆ ಕಂಪನಿ ಕೊಟ್ಟದ್ದು 500 ಡಾಲರ್. 1970ರ ದಶಕದಲ್ಲಿ ರಾಲ್ಫ್ ಆನ್ಸ್‌ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ತಮ್ಮ ಪ್ರತಿಸ್ಪರ್ಧಿ ಆಟಕ್ಕಾಗಿ ಮೊಕದ್ದಮೆ ನಡೆಸುವಾಗ ಈ ಸತ್ಯ ಬಯಲಿಗೆ ಬಂದಿತು.

ಮೇಗಿಯವರು ಅದೇ ಪಟಕ್ಕೆ ಎರಡು ಬಗೆಯ ನಿಯಮಗಳನ್ನು ರೂಪಿಸಿದ್ದರು. ಎದುರಾಳಿಗಳೆಲ್ಲ ದಿವಾಳಿಯೆದ್ದು ಒಬ್ಬನೇ ಉಳಿಯುವುದು ಒಂದು. ಜಗತ್ತು ಇಟ್ಟುಕೊಂಡದ್ದು ಅದನ್ನೇ. ಇನ್ನೊಂದರಲ್ಲಿ ನಿವೇಶನದ ಬಾಡಿಗೆ ಒಡೆಯನಿಗಲ್ಲ, ಎಲ್ಲರಿಗೂ ಸೇರಿದ ಬೊಕ್ಕಸಕ್ಕೆ ಹೋಗುತ್ತದೆ. ಆಡುವವರಲ್ಲಿ ಅತ್ಯಂತ ಬಡವನಾದವನ ಹಣ ಮೊದಲಿದ್ದುದಕ್ಕಿಂತ ಎರಡರಷ್ಟಾದಾಗ ಎಲ್ಲರೂ ಗೆದ್ದಂತೆ. ಹೊಸ ಪಟವನ್ನು ಕೊಳ್ಳಬೇಕಾಗಿಲ್ಲ. ಕ್ರಿಸ್ಮಸ್ ರಜೆಯ ಒಂದು ಮಧ್ಯಾಹ್ನ, ಮನೆಯಲ್ಲಿರುವ ಹಳೆಯ 'ಬಿಸಿನೆಸ್' ಪಟದ ನಡುವೆ ಒಂದು ಖಾಲಿ ಬಟ್ಟಲನ್ನು ಬೊಕ್ಕಸವೆಂದು ಇಟ್ಟು, ಈ ಎರಡನೆಯ ನಿಯಮದಂತೆ ಆಡಿ ನೋಡಿ. ಹಣ ಎಣಿಸುವ ಕೆಲಸವನ್ನು ಮನೆಯ ಅತಿ ಕಿರಿಯರಿಗೆ ವಹಿಸಿ.